ಹುಳಿಯ ಹಿಂದಿರುವುದು ಒಂದೇ ಕಣ: ಸಾರಿನಿಂದ ಬ್ಯಾಟರಿಯವರೆಗೆ ಆಮ್ಲಗಳ ಕಥೆ

ಮದುಮಕ್ಕಳು ಹೊಸ್ತಿಲು ದಾಟುವಾಗ ಕೆಂಪು ನೀರಿನ ಆರತಿ ಎತ್ತುತ್ತೇವಲ್ಲ, ಆ ಕೆಂಪಿಗೆ ಕುಂಕುಮ ಬೇಕೆಂದೇನೂ ಇಲ್ಲ. ತಟ್ಟೆಯ ನೀರಿಗೆ ಚಿಟಿಕೆ ಅರಿಶಿನ, ಎಲೆಅಡಿಕೆಗೆ ಹಚ್ಚುವ ಸುಣ್ಣ ಒಂದಿಷ್ಟು. ಕಲಕಿದ ಕೂಡಲೇ ಹಳದಿ ಹೋಗಿ ಕೆಂಪು ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ನೀರಿಗೆ ನಿಂಬೆಹಣ್ಣು ಹಿಂಡಿ ನೋಡಿದವರು ಕಡಿಮೆ. ಒಮ್ಮೆ ಮಾಡಿ ನೋಡಿ. ಒಂದೊಂದೇ ಹನಿ ಬಿಡಿ. ಮೊದಮೊದಲು ಹನಿ ಬಿದ್ದ ಜಾಗದಲ್ಲಷ್ಟೇ ಹಳದಿ ಚುಕ್ಕಿ ಕಾಣಿಸಿ, ಕಲಕಿದರೆ ಮಾಯವಾಗುತ್ತದೆ. ಇನ್ನಷ್ಟು ಹಿಂಡಿ. ಒಂದು ಹಂತದಲ್ಲಿ ಇಡೀ ತಟ್ಟೆ ಮತ್ತೆ ಹಳದಿ. ಸುಣ್ಣ ಸೇರಿಸಿದರೆ ಪುನಃ ಕೆಂಪು. ಎಷ್ಟು ಸಲ ಬೇಕಾದರೂ ಹೀಗೆ ತಿರುಗಿಸಬಹುದು.

ಇಲ್ಲಿ ನಿಂಬೆ ಏನನ್ನೋ ಕೊಡುತ್ತಿದೆ, ಸುಣ್ಣ ಅದನ್ನೇ ಕಿತ್ತುಕೊಳ್ಳುತ್ತಿದೆ. ಆ "ಏನೋ" ಯಾವುದು ಎಂದು ಗೊತ್ತಾದರೆ ಆಮ್ಲಗಳ ರಸಾಯನಶಾಸ್ತ್ರದ ಮುಕ್ಕಾಲು ಪಾಲು ತಲೆಗೆ ಹತ್ತಿದ ಹಾಗೆ. ಅದು ಹೈಡ್ರೋಜನ್ ಅಯಾನು. ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದೇ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎಲೆಕ್ಟ್ರಾನ್ ಕಳಚಿಕೊಂಡರೆ ಉಳಿಯುವುದು ಬರಿಯ ಪ್ರೋಟಾನ್, ಅದೇ ಈ ಅಯಾನು. ಈ ಪ್ರೋಟಾನನ್ನು ಬಿಟ್ಟುಕೊಡುವ ವಸ್ತುವೇ ಆಮ್ಲ. ಅದನ್ನು ಹಿಡಿದುಕೊಳ್ಳುವ ವಸ್ತು ಪ್ರತ್ಯಾಮ್ಲ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಅಣುವಿನಲ್ಲೂ ಹೀಗೆ ಕಳಚಬಹುದಾದ ಪ್ರೋಟಾನ್ ಇದೆ. ಸುಣ್ಣ ಅದನ್ನು ಕಿತ್ತಾಗ ಆ ಅಣು ಬೆಳಕನ್ನು ಹೀರುವ ರೀತಿ ಬದಲಾಗಿ ಕೆಂಪಾಗುತ್ತದೆ. ನಿಂಬೆ ಅದನ್ನು ವಾಪಸ್ ಕೊಟ್ಟಾಗ ಹಳದಿಗೆ ಮರಳುತ್ತದೆ.

ಇಷ್ಟು ಸರಳ ಮಾತಿಗೆ ಬರಲು ವಿಜ್ಞಾನಿಗಳಿಗೆ ನೂರಾರು ವರ್ಷ ಬೇಕಾಯಿತು. 18ನೇ ಶತಮಾನದ ಕೊನೆಗೆ ಫ್ರಾನ್ಸ್‌ನ ಲಾವೋಸಿಯೆ, ಹುಳಿಗೆಲ್ಲ ಆಕ್ಸಿಜನ್ನೇ ಕಾರಣ ಎಂದು ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿದ. ಗಮನ ಹೈಡ್ರೋಜನ್ ಕಡೆ ಹೊರಳಿತು. ಸ್ವೀಡನ್ನಿನ ಅರೇನಿಯಸ್ 1884ರ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ, ಉಪ್ಪಿನಂಥ ವಸ್ತುಗಳು ನೀರಿನಲ್ಲಿ ಕರಗಿದಾಗ ವಿದ್ಯುತ್ ಅಂಶವಿರುವ ತುಣುಕುಗಳಾಗಿ ಒಡೆಯುತ್ತವೆ ಎಂದ. ಪರೀಕ್ಷಕರು ಒಲ್ಲದ ಮನಸ್ಸಿನಿಂದ ಪಾಸು ಮಾಡಿದರು. 1903ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಡುವುದೇ ಆಮ್ಲ ಎಂಬ ವ್ಯಾಖ್ಯೆ ಈ ಕೆಲಸದಿಂದಲೇ ಬಂದದ್ದು. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಅದನ್ನು ಈ "ಕೊಡು-ತೆಗೆದುಕೋ" ರೂಪಕ್ಕೆ ತಂದರು.

ಪ್ರೋಟಾನ್ ಓಡಾಡಬೇಕಾದರೆ ಸಾಮಾನ್ಯವಾಗಿ ನೀರು ಬೇಕು. ಇದಕ್ಕೆ ಒಳ್ಳೆಯ ಸಾಕ್ಷಿ ಅಂಗಡಿಯಲ್ಲಿ ಸಿಗುವ ಈನೋ ಪ್ಯಾಕೆಟ್. ಅದರೊಳಗೆ ಸಿಟ್ರಿಕ್ ಆಮ್ಲ ಮತ್ತು ಅಡಿಗೆ ಸೋಡಾ ಎರಡೂ ಪುಡಿಯಾಗಿ, ಒಂದರ ಪಕ್ಕ ಒಂದು ಕೂತಿರುತ್ತವೆ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಒಂದು ಲೋಟ ನೀರಿಗೆ ಸುರಿದರೆ ಸಾಕು, ಬುಸ್ ಎಂದು ಉಕ್ಕುತ್ತದೆ. ಆಮ್ಲ ತನ್ನ ಪ್ರೋಟಾನನ್ನು ಸೋಡಾಕ್ಕೆ ಕೊಡುತ್ತದೆ, ಸೋಡಾ ಒಡೆದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗುಳ್ಳೆ ಎಲ್ಲಾ ಆ ಅನಿಲದ್ದೇ. ಮಳೆಗಾಲದಲ್ಲಿ ಪ್ಯಾಕೆಟ್ ತೆರೆದಿಟ್ಟರೆ ಅದು ಸಪ್ಪೆಯಾಗುವುದೂ ಇದೇ ಕಾರಣಕ್ಕೆ. ಗಾಳಿಯ ತೇವವೇ ಕೆಲಸ ಮುಗಿಸಿರುತ್ತದೆ.

ಪ್ರಬಲ ಬೇರೆ, ಗಾಢ ಬೇರೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಶಾಲೆಯಲ್ಲಿ "ಪ್ರಬಲ ಆಮ್ಲಗಳು: ಸಲ್ಫ್ಯೂರಿಕ್, ನೈಟ್ರಿಕ್, ಹೈಡ್ರೋಕ್ಲೋರಿಕ್" ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗಿಬಿಡುತ್ತಾರೆ. ಹಾಗೆ ಕಲಿತವರಿಗೆ ಪ್ರಬಲ ಎಂದರೆ ಸುಡುವುದು, ದುರ್ಬಲ ಎಂದರೆ ಸಾಧು ಎಂಬ ಭಾವನೆ ಉಳಿದುಬಿಡುತ್ತದೆ. ಅದು ತಪ್ಪು, ಅಪಾಯಕಾರಿ ಕೂಡ.

ಪ್ರಬಲ-ದುರ್ಬಲ ಎನ್ನುವುದು ಆಮ್ಲದ ಸ್ವಭಾವ. ನೀರಿಗೆ ಬಿದ್ದಾಗ ಎಷ್ಟು ಅಣುಗಳು ಪ್ರೋಟಾನ್ ಬಿಟ್ಟುಕೊಡುತ್ತವೆ ಎನ್ನುವ ಲೆಕ್ಕ ಅದು. ಗಾಢ-ತೆಳು ಎನ್ನುವುದು ನಾವು ಎಷ್ಟು ನೀರು ಬೆರೆಸಿದ್ದೇವೆ ಎನ್ನುವ ಲೆಕ್ಕ. ಹೈಡ್ರೋಕ್ಲೋರಿಕ್ ಆಮ್ಲದ ಸಾವಿರ ಅಣುಗಳನ್ನು ನೀರಿಗೆ ಹಾಕಿದರೆ ಸಾವಿರವೂ ಪ್ರೋಟಾನ್ ಬಿಟ್ಟುಬಿಡುತ್ತವೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಹಾಗಲ್ಲ. ಲೀಟರಿಗೆ 0.1 ಮೋಲ್, ಅಂದರೆ ಸುಮಾರು 6 ಗ್ರಾಂ ಇರುವ ದ್ರಾವಣದಲ್ಲಿ ಸಾವಿರಕ್ಕೆ ಬರೀ ಹದಿಮೂರು ಅಣುಗಳು ಪ್ರೋಟಾನ್ ಬಿಟ್ಟಿರುತ್ತವೆ, ಉಳಿದವು ಹಿಡಿದುಕೊಂಡೇ ಇರುತ್ತವೆ. ಇಬ್ಬರ ಹತ್ತಿರ ಅಷ್ಟಷ್ಟೇ ದುಡ್ಡಿದೆ ಎಂದುಕೊಳ್ಳಿ. ಒಬ್ಬ ಎಲ್ಲವನ್ನೂ ತೆಗೆದು ಮೇಜಿನ ಮೇಲಿಟ್ಟ. ಇನ್ನೊಬ್ಬಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಕೇಳಿದಾಗ ಕೇಳಿದಷ್ಟು ಬಿಚ್ಚಿ ಕೊಡುತ್ತಾಳೆ. ಮೇಜಿನ ಮೇಲೆ ಕಾಣುವ ದುಡ್ಡು ಬೇರೆಬೇರೆ. ಆದರೆ ಸಾಲ ತೀರಿಸುವಾಗ ಇಬ್ಬರೂ ತೀರಿಸುವುದು ಒಂದೇ ಮೊತ್ತ.

ಇದು ಬರೀ ಮಾತಲ್ಲ. ಸಮಪ್ರಮಾಣದ ಈ ಎರಡು ಆಮ್ಲಗಳಿಗೆ ಸಾಕಷ್ಟು ಅಡಿಗೆ ಸೋಡಾ ಹಾಕಿದರೆ, ಹೊರಬರುವ ಅನಿಲ ಎರಡರಲ್ಲೂ ಒಂದೇ. ಸೋಡಾ ಪ್ರೋಟಾನನ್ನು ತೆಗೆದುಕೊಂಡ ಹಾಗೆಲ್ಲ ಅಸಿಟಿಕ್ ಆಮ್ಲ ಹೊಸದನ್ನು ಬಿಡುತ್ತಾ ಹೋಗುತ್ತದೆ.

ಪಿಎಚ್ ಎಂಬ ಅಳತೆ ಹೇಳುವುದು ಈ ಕ್ಷಣಕ್ಕೆ ನೀರಿನಲ್ಲಿ ಬಿಡಿಯಾಗಿರುವ ಪ್ರೋಟಾನ್‌ಗಳ ಪ್ರಮಾಣವನ್ನು ಮಾತ್ರ. ಇದನ್ನು 1909ರಲ್ಲಿ ರೂಪಿಸಿದವನು ಸೋರೆನ್ಸನ್, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದವನು. ಶುದ್ಧ ನೀರಿನಲ್ಲೂ ಸುಮಾರು 55 ಕೋಟಿ ಅಣುಗಳಿಗೆ ಒಂದರಂತೆ ಒಡೆದಿರುತ್ತದೆ. ಅದರ ಪಿಎಚ್ 7. ಸಂಖ್ಯೆ ಇಳಿದಷ್ಟೂ ಆಮ್ಲೀಯತೆ ಜಾಸ್ತಿ. ನೆನಪಿಡಬೇಕಾದ್ದು ಒಂದೇ: ಒಂದು ಮೆಟ್ಟಿಲು ಇಳಿದರೆ ಪ್ರೋಟಾನ್ ಪ್ರಮಾಣ ಹತ್ತು ಪಟ್ಟು ಏರುತ್ತದೆ. ಹಾಲಿನ ಪಿಎಚ್ ಸುಮಾರು 6.6, ಮೊಸರಿನದು 4.5ರ ಆಸುಪಾಸು, ನಿಂಬೆರಸದ್ದು 2.5ರ ಹತ್ತಿರ. ಅಂದರೆ ನಿಂಬೆರಸದಲ್ಲಿ ಮೊಸರಿಗಿಂತ ಸುಮಾರು ನೂರು ಪಟ್ಟು ಬಿಡಿ ಪ್ರೋಟಾನ್‌ಗಳಿವೆ. ಹಾಗಂತ ನೂರು ಪಟ್ಟು ಹುಳಿ ಅನ್ನಿಸುವುದಿಲ್ಲ ಅಲ್ವಾ? ನಾಲಿಗೆ ಹಾಗೆ ಲೆಕ್ಕ ಹಾಕುವುದಿಲ್ಲ. ಹುಳಿ ಗುರುತಿಸುವ ಜೀವಕೋಶಗಳಲ್ಲಿ ಓಟಾಪ್-1 ಎಂಬ ಪ್ರೋಟೀನ್ ಇದೆ. ಅದರ ಮೂಲಕ ಪ್ರೋಟಾನ್ ಕೋಶದೊಳಕ್ಕೆ ನುಗ್ಗಿದಾಗ ಹುಳಿಯ ಸಂದೇಶ ಹೋಗುತ್ತದೆ ಎಂದು ಖಚಿತವಾದದ್ದು 2019ರಲ್ಲಿ, ತೀರಾ ಈಚೆಗೆ.

ಇನ್ನೊಂದು ಮಾತು. ಸಾರಿಗೆ ಬೆಲ್ಲ ಹಾಕಿದರೆ ಹುಳಿ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಆಮ್ಲ ಕಡಿಮೆಯಾಗಿರುವುದಿಲ್ಲ, ನಾಲಿಗೆಗೆ ಮಾತ್ರ ಹಾಗೆ. ಕೋಲಾ ಪಾನೀಯಗಳ ಪಿಎಚ್ 2.5ರ ಸುತ್ತಮುತ್ತ ಇರುತ್ತದೆ, ನಿಂಬೆರಸಕ್ಕೆ ಹೆಚ್ಚುಕಮ್ಮಿ ಸಮ. ಸಕ್ಕರೆ ಅದನ್ನು ಮುಚ್ಚಿಡುತ್ತದೆ. ಹಲ್ಲಿನ ಎನಾಮೆಲ್ ಕರಗಲು ಶುರುವಾಗುವುದು ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಹೋದಾಗ. ಮಕ್ಕಳು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುವ ಬಾಟಲಿ ಹಲ್ಲಿಗೆ ಏನು ಮಾಡುತ್ತದೆ ಎಂದು ಇದರಿಂದಲೇ ಊಹಿಸಬಹುದು.

ಅಡಿಗೆಮನೆಯ ಆಮ್ಲಗಳು

ಹುಣಸೆಹಣ್ಣಿನಲ್ಲಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್, ವಿನೆಗರಿನಲ್ಲಿ ಅಸಿಟಿಕ್. ಟಾರ್ಟಾರಿಕ್, ಸಿಟ್ರಿಕ್, ಲ್ಯಾಕ್ಟಿಕ್ ಈ ಮೂರನ್ನೂ ಮೊದಲು ಬೇರ್ಪಡಿಸಿ ತೋರಿಸಿದವನು ಒಬ್ಬನೇ: 18ನೇ ಶತಮಾನದ ಸ್ವೀಡನ್ನಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಕಾರ್ಲ್ ಷೀಲೆ. ಇವತ್ತು ಪ್ಯಾಕೆಟ್ಟಿನಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿಯನ್ನು ನಿಂಬೆಯಿಂದ ತೆಗೆಯುವುದಿಲ್ಲ. ಕಪ್ಪು ಬೂಷ್ಟಿನ ಒಂದು ಜಾತಿಗೆ ಸಕ್ಕರೆ ತಿನ್ನಿಸಿ ತಯಾರಿಸುತ್ತಾರೆ. ಈ ದಾರಿ 1917ರಿಂದಲೂ ಗೊತ್ತಿದೆ. "ಕೆಮಿಕಲ್" ಎಂದು ಕೆಲವರು ಅದಕ್ಕೆ ಹೆದರುತ್ತಾರೆ. ನಿಂಬೆಯೊಳಗಿನ ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ಅಣುವಿನ ಮಟ್ಟದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನಿಂಬೆಯಲ್ಲಿ ಇದರ ಜೊತೆಗೆ ಸಿ ವಿಟಮಿನ್, ಪರಿಮಳ ಇರುತ್ತವೆ. ಪುಡಿಯಲ್ಲಿ ಅವಿಲ್ಲ, ಅಷ್ಟೇ.

ಬೇಳೆ ಬೇಯುವ ಮೊದಲು ಹುಳಿ ಹಾಕಬಾರದು ಎಂದು ಅಡಿಗೆ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಹಾಕಿದರೆ ಎಷ್ಟು ಕುದಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯುತ್ತದೆ. ಬೇಳೆ, ತರಕಾರಿಗಳ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಬೇಯುವುದು ಎಂದರೆ ಬಹುಮಟ್ಟಿಗೆ ಈ ಪೆಕ್ಟಿನ್ ಕಳಚಿ ಕರಗುವುದು. ಹುಳಿ ಇದ್ದಲ್ಲಿ ಅದು ಸುಲಭಕ್ಕೆ ಕಳಚುವುದಿಲ್ಲ. ಸೋಡಾ ಹಾಕಿದರೆ ಇದರ ಉಲ್ಟಾ, ಬೇಗ ಕರಗುತ್ತದೆ. ಗಟ್ಟಿಯಾಗಿಯೇ ಉಳಿಯಬೇಕಾದ ತರಕಾರಿಗೆ ಮಾತ್ರ ಮೊದಲೇ ಹುಳಿ ಹಾಕುವುದು ಒಳ್ಳೆಯ ಉಪಾಯ.

ಹುರುಳಿಕಾಯಿಯನ್ನು ಹುಳಿಯಲ್ಲಿ ಬೇಯಿಸಿದರೆ ಹಸಿರು ಹೋಗಿ ಮಾಸಲು ಕಂದಾಗುವುದನ್ನೂ ನೋಡಿರುತ್ತೀರಿ. ಎಲೆಹಸಿರಿನ ಅಣುವಿನ ನಡುವೆ ಒಂದು ಮೆಗ್ನೀಶಿಯಂ ಪರಮಾಣು ಕೂತಿರುತ್ತದೆ. ಎರಡು ಪ್ರೋಟಾನ್‌ಗಳು ಬಂದು ಅದನ್ನು ಎಬ್ಬಿಸಿ ತಾವು ಕೂರುತ್ತವೆ. ಬಣ್ಣ ಹೋಯಿತು.

ಉಪ್ಪಿನಕಾಯಿ ಕೆಡದೆ ಇರುವುದಕ್ಕೆ ಉಪ್ಪಿನಷ್ಟೇ ಹುಳಿಯೂ ಕಾರಣ. ಇಲ್ಲಿ ದುರ್ಬಲ ಆಮ್ಲಗಳದೇ ಮೇಲುಗೈ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಪ್ರೋಟಾನ್ ಬಿಡದೆ ಇಡಿಯಾಗಿರುವ ಅಸಿಟಿಕ್ ಆಮ್ಲದ ಅಣುವಿಗೆ ವಿದ್ಯುತ್ ಅಂಶ ಇರುವುದಿಲ್ಲ. ಹಾಗಾಗಿ ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಆರಾಮವಾಗಿ ದಾಟುತ್ತದೆ. ಒಳಗೆ ಹೋದ ಮೇಲೆ ಪ್ರೋಟಾನ್ ಬಿಡುತ್ತದೆ. ಬ್ಯಾಕ್ಟೀರಿಯಾ ಒಳಗಿನಿಂದಲೇ ಹುಳಿಯಾಗಿ ಕೆಲಸ ನಿಲ್ಲಿಸುತ್ತದೆ. ಪ್ರಾಣಕ್ಕೇ ಕುತ್ತು ತರುವ ಬೊಟುಲಿಸಂ ವಿಷ ಮಾಡುವ ಬ್ಯಾಕ್ಟೀರಿಯಾ ಪಿಎಚ್ 4.6ರ ಕೆಳಗೆ ಬೆಳೆಯುವುದೇ ಇಲ್ಲ.

ಹಾಲು ಹೆಪ್ಪಾಗುವುದಕ್ಕೂ ಇದೇ 4.6ರ ಸಂಖ್ಯೆ ಮುಖ್ಯ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಮೇಲೂ ಋಣ ವಿದ್ಯುತ್ ಅಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ, ಹಾಲು ಹಾಲಾಗಿ ಉಳಿಯುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪ್ರೋಟಾನ್‌ಗಳು ಧನ ವಿದ್ಯುತ್ತಿನವು. ಅವು ಉಂಡೆಗಳ ಋಣವನ್ನು ಅಳಿಸುತ್ತಾ ಹೋಗಿ, 4.6ರ ಹತ್ತಿರ ತಳ್ಳಾಟ ಪೂರ್ತಿ ನಿಲ್ಲುತ್ತದೆ. ಉಂಡೆಗಳು ಅಂಟಿಕೊಂಡು ಮೊಸರಾಗುತ್ತದೆ. ಬಿಸಿ ಹಾಲಿಗೆ ನಿಂಬೆ ಹಿಂಡಿ ಪನೀರ್ ಮಾಡುವಾಗ ನಡೆಯುವುದೂ ಇದೇ, ರಾತ್ರಿಯಿಡೀ ಆಗುವ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ.

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರು ದಿನಾ ಬೆಳಗ್ಗೆ ಇದನ್ನೇ ಮಾಡುತ್ತಾರೆ. ಮರದಿಂದ ಇಳಿದ ರಬ್ಬರ್ ಹಾಲನ್ನು ತಟ್ಟೆಗೆ ಸುರಿದು, ನೀರು ಬೆರೆಸಿದ ಫಾರ್ಮಿಕ್ ಆಸಿಡ್ ಹಾಕಿ ಕಲಕಿ ಬಿಡುತ್ತಾರೆ. ರಬ್ಬರ್ ಕಣಗಳ ಸುತ್ತಲೂ ಪ್ರೋಟೀನಿನ ಪದರ ಇದೆ, ಅದರ ಮೇಲೂ ಋಣ ವಿದ್ಯುತ್ ಇದೆ. ಆಸಿಡ್ಡಿನ ಪ್ರೋಟಾನ್ ಅದನ್ನು ಅಳಿಸಿದಾಗ ಹಾಲು ಹೆಪ್ಪುಗಟ್ಟುತ್ತದೆ. ಹೆಪ್ಪನ್ನು ರೋಲರ್‌ಗೆ ಕೊಟ್ಟು ಶೀಟ್ ಮಾಡಿ ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಹಾಲನ್ನು ಹಾಗೇ ದೂರ ಸಾಗಿಸಬೇಕಾದರೆ ಅಮೋನಿಯಾ ಹಾಕುತ್ತಾರೆ. ಅದು ಪ್ರತ್ಯಾಮ್ಲ, ಪ್ರೋಟಾನ್ ಹೆಚ್ಚದಂತೆ ನೋಡಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಸಲ್ಫ್ಯೂರಿಕ್ ಆಸಿಡ್ ಹಾಕಿದರೂ ಹೆಪ್ಪು ಕಟ್ಟುತ್ತದೆ. ಆದರೆ ಫಾರ್ಮಿಕ್ ಆಮ್ಲ ಒಣಗುವಾಗ ಆವಿಯಾಗಿ ಹೋಗುತ್ತದೆ, ಸಲ್ಫ್ಯೂರಿಕ್ ಹೋಗುವುದಿಲ್ಲ. ಚೆನ್ನಾಗಿ ತೊಳೆಯದಿದ್ದರೆ ಶೀಟಿನಲ್ಲೇ ಕೂತು ರಬ್ಬರನ್ನು ಹಾಳು ಮಾಡುತ್ತದೆ. ಫಾರ್ಮಿಕ್ ಆಮ್ಲವನ್ನು ಮೊದಲು ಕಂಡುಹಿಡಿದದ್ದು ಇರುವೆಗಳನ್ನು ಬಟ್ಟಿ ಇಳಿಸಿ, 1671ರಲ್ಲಿ, ಇಂಗ್ಲೆಂಡಿನ ಜಾನ್ ರೇ. ಚಿಗಳಿ ಇರುವೆ ಕಚ್ಚಿದ ಜಾಗ ಉರಿಯುವುದು ಈ ಆಮ್ಲದಿಂದಲೇ.

ಕಿಲುಬು ಮತ್ತು ಕಲಾಯಿ

ತಾಮ್ರದ ಚೊಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಕಪ್ಪಾಗಿದ್ದ ಪದರ ತಾಮ್ರದ ಆಕ್ಸೈಡ್. ಅದು ಪ್ರತ್ಯಾಮ್ಲ, ಹಾಗಾಗಿ ಹುಳಿಯಲ್ಲಿ ಕರಗುತ್ತದೆ. ಕೆಳಗಿನ ತಾಮ್ರ ಲೋಹ ಮಾತ್ರ ಹುಣಸೆಯ ಆಮ್ಲಕ್ಕೆ ಜಗ್ಗುವುದಿಲ್ಲ. ಕಬ್ಬಿಣ, ಸತು ಇವು ಪ್ರೋಟಾನ್‌ಗಳಿಗೆ ಎಲೆಕ್ಟ್ರಾನ್ ಕೊಟ್ಟು ಹೈಡ್ರೋಜನ್ ಅನಿಲ ಬಿಡಿಸುತ್ತವೆ, ತಾವು ಕರಗುತ್ತವೆ. ತಾಮ್ರ ಹಾಗೆ ಕೊಡುವುದಿಲ್ಲ.

ಹಾಗಾದರೆ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಸಾರು ಮಾಡಬಹುದಲ್ಲ? ಬೇಡ. ಅಲ್ಲಿ ಗಾಳಿಯೂ ಇದೆ. ಆಕ್ಸಿಜನ್ ತಾಮ್ರವನ್ನು ಆಕ್ಸೈಡ್ ಮಾಡುತ್ತದೆ, ಹುಳಿ ಅದನ್ನು ಕರಗಿಸುತ್ತದೆ, ಹೊಸ ತಾಮ್ರ ತೆರೆದುಕೊಳ್ಳುತ್ತದೆ, ಮತ್ತೆ ಆಕ್ಸೈಡ್. ಹೀಗೆ ತಾಮ್ರ ಸಾರಿಗೆ ಇಳಿಯುತ್ತಲೇ ಇರುತ್ತದೆ. ಕಿಲುಬು ಹಿಡಿದ ಪಾತ್ರೆಯ ಅಡಿಗೆ ತಿಂದರೆ ವಾಂತಿ ಆಗುವುದು ಇದರಿಂದ. ಅದಕ್ಕೇ ಒಳಗೆ ತವರದ ಕಲಾಯಿ ಹಾಕಿಸುವುದು. ಕಲಾಯಿ ಹಾಕುವವರ ಕೆಲಸವನ್ನು ಹತ್ತಿರ ನಿಂತು ನೋಡಿದರೆ ಅಲ್ಲೂ ಆಮ್ಲ ಸಿಗುತ್ತದೆ. ಪಾತ್ರೆಯನ್ನು ಇದ್ದಿಲ ಒಲೆಯ ಮೇಲೆ ಚೆನ್ನಾಗಿ ಕಾಯಿಸಿ, ಒಳಗೆ ನವಸಾಗರದ ಪುಡಿ ಎರಚುತ್ತಾರೆ. ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ, ಮೂಗಿಗೆ ಖಾರ ಹೊಡೆಯುತ್ತದೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ. ಈ ಎರಡನೆಯದು ಪಾತ್ರೆಯ ಒಳಮೈಯ ಆಕ್ಸೈಡನ್ನು ಆ ಕ್ಷಣವೇ ತೆಗೆದುಹಾಕುತ್ತದೆ. ಚೊಕ್ಕಟವಾದ ಲೋಹದ ಮೇಲೆ ತವರದ ಕಡ್ಡಿ ಮುಟ್ಟಿಸಿ, ಬಟ್ಟೆಯಿಂದ ಸರಸರ ಒರೆಸಿದರೆ ಬೆಳ್ಳಿಯ ಹಾಗೆ ಹರಡಿಕೊಳ್ಳುತ್ತದೆ. ನವಸಾಗರ ಇಲ್ಲದೆ ತವರ ಹತ್ತುವುದಿಲ್ಲ. ಮಲೆನಾಡಿನ ಕಲ್ಲುಮರಿಗೆಗೆ ಈ ರಗಳೆಯೇ ಇಲ್ಲ. ಆ ಮೆದುಗಲ್ಲನ್ನು ಹುಳಿ ಏನೂ ಮಾಡಲಾರದು.

ನಮ್ಮ ಹೊಟ್ಟೆಯಲ್ಲಿರುವುದು ಮಾತ್ರ ಅಪ್ಪಟ ಪ್ರಬಲ ಆಮ್ಲ, ಹೈಡ್ರೋಕ್ಲೋರಿಕ್. ಇದನ್ನು 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ತೋರಿಸಿಕೊಟ್ಟ. ರಕ್ತದ ಪಿಎಚ್ 7.4, ಜಠರದ್ದು 1.5ರ ಹತ್ತಿರಕ್ಕೂ ಇಳಿಯುತ್ತದೆ. ರಕ್ತಕ್ಕಿಂತ ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು ಪ್ರೋಟಾನ್! ಜಠರದ ಗೋಡೆಯ ಜೀವಕೋಶಗಳು ಶಕ್ತಿ ಖರ್ಚು ಮಾಡಿ ಇವನ್ನು ಒಂದೊಂದಾಗಿ ಪಂಪ್ ಮಾಡುತ್ತವೆ. ಗೋಡೆ ತಾನೇ ಜೀರ್ಣವಾಗದಂತೆ ಲೋಳೆಯ ಪದರ, ಅದರೊಳಗೆ ಸೋಡಾದಲ್ಲಿರುವಂಥದೇ ಬೈಕಾರ್ಬೊನೇಟ್ ಇರುತ್ತದೆ. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್ಪಿನಲ್ಲಿ ಮೆಗ್ನೀಶಿಯಂ ಹೈಡ್ರಾಕ್ಸೈಡ್, ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಎರಡೂ ಇರುವುದುಂಟು. ಮೊದಲನೆಯದು ಹೊಟ್ಟೆ ಸಡಿಲ ಮಾಡುತ್ತದೆ, ಎರಡನೆಯದು ಕಟ್ಟುತ್ತದೆ. ಸಮತೂಕಕ್ಕೆ ಎರಡನ್ನೂ ಸೇರಿಸುತ್ತಾರೆ. ಇವು ಬಂದ ಪ್ರೋಟಾನನ್ನು ಹಿಡಿದುಹಾಕುತ್ತವೆ. ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಪಂಪನ್ನೇ ನಿಲ್ಲಿಸುತ್ತವೆ, ಅದಕ್ಕೇ ಅವನ್ನು ಊಟಕ್ಕೆ ಮೊದಲೇ ತೆಗೆದುಕೊಳ್ಳಲು ಹೇಳುವುದು. ದಯವಿಟ್ಟು ಒಂದು ಮಾತು ನೆನಪಿಡಿ: ಎದೆ ಒತ್ತಿದ ಹಾಗಾಗಿ ಬೆವರು ಬಂದರೆ "ಗ್ಯಾಸು, ಆಸಿಡಿಟಿ" ಎಂದು ಸೋಡಾ ಕುಡಿದು ಕೂರಬೇಡಿ. ಅದು ಹೃದಯದ ತೊಂದರೆ ಇರಬಹುದು.

ತೋಟದಲ್ಲಿ, ಬ್ಯಾಟರಿಯಲ್ಲಿ

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವ ಕೈಗಾರಿಕಾ ರಾಸಾಯನಿಕ ಸಲ್ಫ್ಯೂರಿಕ್ ಆಮ್ಲ, ವರ್ಷಕ್ಕೆ 20 ಕೋಟಿ ಟನ್ನಿಗೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ರಂಜಕದ ಗೊಬ್ಬರಕ್ಕೆ. ಶಿಲಾರಂಜಕ ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಆಮ್ಲದ ಪ್ರೋಟಾನ್ ಸೇರಿಸಿಕೊಂಡರೆ ಅದು ಕರಗುವ ರೂಪಕ್ಕೆ ಬರುತ್ತದೆ. ಅದೇ ಸೂಪರ್ ಫಾಸ್ಫೇಟ್. ಇನ್ವರ್ಟರ್ ಬ್ಯಾಟರಿಯಲ್ಲಿರುವುದೂ ಇದೇ ಆಮ್ಲ. ಕರೆಂಟು ಹೋದಾಗ ಬ್ಯಾಟರಿ ಕೆಲಸ ಮಾಡಿದಂತೆಲ್ಲ ಆಮ್ಲದ ಸಲ್ಫೇಟ್ ಸೀಸದ ಪ್ಲೇಟುಗಳಿಗೆ ಹೋಗಿ ಕೂರುತ್ತದೆ, ದ್ರಾವಣ ತೆಳುವಾಗುತ್ತದೆ. ಪೂರ್ತಿ ಚಾರ್ಜ್ ಆದಾಗ 1.26ರಿಂದ 1.28ರವರೆಗೆ ಇರುವ ಅದರ ಸಾಪೇಕ್ಷ ಸಾಂದ್ರತೆ (ಅಷ್ಟೇ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ), ಖಾಲಿಯಾದಾಗ 1.1ರ ಹತ್ತಿರಕ್ಕೆ ಇಳಿಯುತ್ತದೆ. ಮೆಕ್ಯಾನಿಕ್ ಗಾಜಿನ ಕೊಳವೆಯಲ್ಲಿ ಎಳೆದು ನೋಡುವುದು ಇದನ್ನೇ. ಬ್ಯಾಟರಿಯಿಂದ ಕಾಲಕ್ರಮೇಣ ಹೋಗುವುದು ನೀರು ಮಾತ್ರ, ಆಮ್ಲ ಅಲ್ಲ. ಅದಕ್ಕೇ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು.

ಮಲೆನಾಡು, ಕರಾವಳಿಯ ಮಣ್ಣು ಸಹಜವಾಗಿಯೇ ಹುಳಿ. ಸುರಿಯುವ ಮಳೆ ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ, ಅವುಗಳ ಜಾಗಕ್ಕೆ ಪ್ರೋಟಾನ್ ಬಂದು ಕೂರುತ್ತದೆ. ಅಡಿಕೆ, ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಇದನ್ನು ಸರಿದೂಗಿಸಲು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಆಮ್ಲ-ಪ್ರತ್ಯಾಮ್ಲದ ಪಾಠವೇ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಇದನ್ನು ಅಡಿಕೆಗೆ ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರು ಆಮ್ಲೀಯ. ಹಾಗೇ ಹೊಡೆದರೆ ಸಿಂಗಾರ, ಎಳೆಕಾಯಿ ಸುಟ್ಟುಹೋಗುತ್ತವೆ. ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ತೋಟದವರು ಮಸೆದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಕರಗಿದ ರೂಪದಲ್ಲೇ ಇದೆ, ಕಬ್ಬಿಣದ ಮೇಲೆ ಬಂದು ಕೂತಿದೆ ಎಂದರ್ಥ. ಸುಣ್ಣದ ನೀರು ಇನ್ನಷ್ಟು ಬೇಕು. ಅಲಗು ಹೊಳೆಯುತ್ತಲೇ ಇದ್ದರೆ ಮದ್ದು ತಯಾರು. ಲಿಟ್ಮಸ್ ಕಾಗದ ಇಲ್ಲದ ತೋಟದಲ್ಲೂ ನಡೆಯುವ ಪರೀಕ್ಷೆ ಇದು.

ಬಚ್ಚಲುಮನೆಯ ಬಾಟಲಿ

ಬೋರ್‌ವೆಲ್ ನೀರಿನ ಬಿಳಿ ಕಲೆ ಎಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಯಾವ ಆಮ್ಲ ಹಾಕಿದರೂ ಗುಳ್ಳೆ ಎಬ್ಬಿಸಿ ಕರಗುತ್ತದೆ. ಕೆಟಲ್, ನಲ್ಲಿಯ ಕಲೆಗೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ನೀರೇ ಸಾಕು. ಅರ್ಧ ಗಂಟೆ ಬಿಟ್ಟು ತೊಳೆದರಾಯಿತು. ದುರ್ಬಲ ಆಮ್ಲ ನಿಧಾನ, ಆದರೆ ಕೊಡಬೇಕಾದ ಪ್ರೋಟಾನನ್ನೆಲ್ಲ ಕೊಟ್ಟೇ ಕೊಡುತ್ತದೆ ಎಂದು ಮೇಲೆ ನೋಡಿದೆವಲ್ಲ. ಇಷ್ಟಕ್ಕೆ ಅಂಗಡಿಯ "ಆಸಿಡ್" ಬಾಟಲಿ ತರುವ ಅಗತ್ಯ ಕಾಣುವುದಿಲ್ಲ. ಮಾರ್ಬಲ್ ನೆಲಕ್ಕೆ ಮಾತ್ರ ಯಾವುದೂ ಬೇಡ, ನಿಂಬೆಯೂ ಬೇಡ. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ, ಹೊಳಪು ಹೋದರೆ ಬರುವುದಿಲ್ಲ.

ಟಾಯ್ಲೆಟ್ ತೊಳೆಯುವ ಆಸಿಡ್ ಹೈಡ್ರೋಕ್ಲೋರಿಕ್. ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಎಂದಿಗೂ ಸೇರಿಸಬೇಡಿ. ಎರಡೂ ಹಾಕಿದರೆ ಚೆನ್ನಾಗಿ ಸ್ವಚ್ಛವಾದೀತು ಎಂದು ಮಾಡುವವರಿದ್ದಾರೆ. ಹೊರಬರುವುದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲುಮನೆಯಲ್ಲಿ ಉಸಿರೇ ನಿಲ್ಲಬಹುದು.

ಗಾಢ ಸಲ್ಫ್ಯೂರಿಕ್ ಆಮ್ಲ ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಆಮ್ಲ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಮೇಲೆ ಹಾಕಿದ ನೀರು ಮೇಲೆಯೇ ತೇಲುತ್ತದೆ, ಬೆರೆಯುವಾಗ ಹುಟ್ಟುವ ಕಾವಿಗೆ ಅಲ್ಲೇ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. "ದುರ್ಬಲ" ಎಂಬ ಹೆಸರನ್ನೂ ನಂಬಬೇಡಿ. ಗಾಜು ಕೊರೆಯಲು ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಲೆಕ್ಕಕ್ಕೆ ದುರ್ಬಲ. ಆದರೆ ಚರ್ಮದೊಳಕ್ಕೆ ಇಳಿದು ರಕ್ತದ ಕ್ಯಾಲ್ಸಿಯಂ ಹಿಡಿದು ಹೃದಯವನ್ನೇ ನಿಲ್ಲಿಸಬಲ್ಲದು.

ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ವಿವರ ದಾಖಲಿಸಬೇಕು, 18 ತುಂಬದವರಿಗೆ ಕೊಡಬಾರದು. ಅಂಗಡಿಯವರು ಕೇಳದಿದ್ದರೆ ನಾವೇ ಕೇಳಬೇಕು.

ಮೈಮೇಲೆ ಅಥವಾ ಕಣ್ಣಿಗೆ ಬಿದ್ದರೆ ಮಾಡಬೇಕಾದ್ದು ಒಂದೇ: ಹರಿಯುವ ನೀರು, ಕನಿಷ್ಠ 20 ನಿಮಿಷ, ಆಮ್ಲ ಬಿದ್ದ ಬಟ್ಟೆಯನ್ನು ಕೂಡಲೇ ತೆಗೆದುಹಾಕಿ. ಸೋಡಾ ಹಚ್ಚಿ ಆಮ್ಲ ಶಮನ ಮಾಡುತ್ತೇನೆ ಎನ್ನಬೇಡಿ. ಆ ಕ್ರಿಯೆಯಲ್ಲೇ ಕಾವು ಹುಟ್ಟಬಹುದು, ತೊಳೆಯುವ ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮಗು ಬಾಟಲಿಯಿಂದ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟ ಗಂಟಲನ್ನು ಅದು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ, ಯಾವ ಆಮ್ಲ ಎಂದು ವೈದ್ಯರಿಗೆ ಗೊತ್ತಾಗಬೇಕು.